ಮೂರು ಮೂಲೆಯ ಕೀ

ಲಿಫ್ಟ್ ರಿಪೇರಿಯವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಹುಟ್ಟಿದ್ದೇ ಹಾಗೆ ಅಂತ ಅವನ ಹೆಂಡತಿ ಹೇಳುತ್ತಾಳೆ, ಇದ್ದರೂ ಇರಬಹುದು. ಊಟಕ್ಕೆ ಕೂತವನು ಮೇಜಿನ ಕಾಲು ಅಲ್ಲಾಡುತ್ತದೆಯಾ ಎಂದು ಬಗ್ಗಿ ನೋಡುವ ಆಸಾಮಿ. ಅಂಥವನಿಗೆ ಪ್ರತಿ ಗುರುವಾರ ನಾಲ್ಕು ಗಂಟೆಗೆ, ಕೌನ್ಸೆಲರ್ ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಐವತ್ತು ನಿಮಿಷ ತೆಪ್ಪಗೆ ಕೂರು ಅಂದರೆ ಹೇಗಾಗಬೇಡ? ಮೊದಲ ವಾರ ಆ ಬೆಂಚಿನ ಸಡಿಲ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ. ಎರಡನೇ ವಾರ ಹೊರಬಾಗಿಲಿಗೆ ಎಣ್ಣೆ ಬಿಟ್ಟ. ಆಮೇಲೆ ಅಲ್ಲಿ ರಿಪೇರಿಗೆ ಏನೂ ಉಳಿಯಲಿಲ್ಲ, ಪಾಪ.

ಒಳಗಿದ್ದವಳು ಅವನ ಮಗಳು. ಹದಿನೈದು ತುಂಬಿದೆ, ಮನೆಯಲ್ಲಿ ಇನ್ನೂ ಪುಟ್ಟಿ. ಎರಡು ತಿಂಗಳಿಂದ ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಕೋಣೆ ಸೇರಿ ಚಿಲಕ ಹಾಕಿಕೊಂಡಳೆಂದರೆ ಮುಗಿಯಿತು. ಮೊದಮೊದಲು ಅಪ್ಪ ಅಮ್ಮ ಇಬ್ಬರೂ ಗದರಿದರು, ಆಮೇಲೆ ಗೋಗರೆದರು, ಕೊನೆಗೆ ಹೆದರಿದರು. ಹೆದರಿದ ಮೇಲೆಯೇ ಅವರಿಗೆ ಬುದ್ಧಿ ಬಂದದ್ದು, ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದದ್ದು.

ಮೇಡಂ ಮೊದಲ ದಿನವೇ ಮೂವರನ್ನೂ ಕೂರಿಸಿ ಬಿಡಿಸಿ ಹೇಳಿದ್ದರು. ಇವಳು ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ; ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ನಿಮಗೆ ಹೇಳುತ್ತೇನೆ, ಅದನ್ನೂ ಇವಳಿಗೆ ತಿಳಿಸಿಯೇ ಹೇಳುತ್ತೇನೆ. ಈಗ ಅಂಥ ಅಪಾಯ ಕಾಣುತ್ತಿಲ್ಲ. ನೀವು ಹೊತ್ತಿಗೆ ಸರಿಯಾಗಿ ಕರೆದುಕೊಂಡು ಬನ್ನಿ, ದಾರಿಯಲ್ಲಿ ಏನು ಮಾತಾಡಿದೆ ಎಂದು ಕೆದಕಬೇಡಿ, ತಾನಾಗಿ ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ, ತಕ್ಷಣ ರಿಪೇರಿಗೆ ಇಳಿಯಬೇಡಿ. ಕೊನೆಯ ಮಾತಿಗೆ ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ.

ಅವನ ಕಸುಬೇ ಅಂಥದ್ದು ನೋಡಿ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು ಒಳಗೆ ಯಾರಾದರೂ ಸಿಕ್ಕಿಕೊಂಡರೆ, ಅವರಿಗೆ ಉಸಿರುಗಟ್ಟುವ ಮೊದಲೇ ಇವನ ಉಸಿರು ಏರುತ್ತದೆ. ಅದಕ್ಕೆಂದೇ ಪ್ಯಾಂಟಿನ ಜೇಬಿನಲ್ಲಿ ಸದಾ ಮೂರು ಮೂಲೆಯ ಒಂದು ಕೀ. ಯಾವ ಮಹಡಿಯ ಲಿಫ್ಟ್ ಬಾಗಿಲನ್ನಾದರೂ ಅದು ಹೊರಗಿನಿಂದ ತೆಗೆಯುತ್ತದೆ. ಹೊರಗಿನಿಂದ ತೆಗೆಯಲಾಗದ ಬಾಗಿಲು ಬಾಗಿಲೇ ಅಲ್ಲ ಎನ್ನುವುದು ಇಪ್ಪತ್ತು ವರ್ಷದಿಂದ ಅವನ ತಲೆಯಲ್ಲಿ ಕೂತುಬಿಟ್ಟ ಮಾತು.

ಎರಡನೇ ಗುರುವಾರ ಕಳೆದು ಬಂದ ಭಾನುವಾರ ಮಧ್ಯಾಹ್ನ, ಊಟಕ್ಕೆ ಕರೆಯಲು ಅವಳ ಬಾಗಿಲು ತಟ್ಟಿದ. ಉತ್ತರವಿಲ್ಲ. ಮತ್ತೆ ತಟ್ಟಿದ, ಕೂಗಿದ, ಹೆಗಲು ಕೊಟ್ಟು ನೂಕಿದ. ಹತ್ತು ನಿಮಿಷ. ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಪುಟ್ಟಿ ಬಾಗಿಲು ತೆರೆದು, ಕಿವಿಯಿಂದ ಹೆಡ್‌ಫೋನ್ ಇಳಿಸಿ, ಏನಾಯ್ತು ಎಂಬಂತೆ ನಿಂತಳು. ಏನೂ ಇಲ್ಲ, ಊಟ ಆರ್ತಿದೆ ಅಂದ.

ಆ ಗುರುವಾರ ಕೆಲಸವಿದೆ ಎಂದು ಸುಳ್ಳು ಹೇಳಿ, ಮಗಳನ್ನು ಹೆಂಡತಿಯ ಜೊತೆ ಕಳಿಸಿದ. ಅವರಿಬ್ಬರೂ ಬೀದಿ ತಿರುಗಿದರೋ ಇಲ್ಲವೋ, ಗುಜರಿಗೆ ಹೋಗಬೇಕಿದ್ದ ಹಳೇ ಲಿಫ್ಟ್ ಬಾಗಿಲಿನಿಂದ ಬಿಚ್ಚಿ ತಂದಿದ್ದ ಬೀಗವನ್ನು ಅವಳ ಕೋಣೆಯ ಬಾಗಿಲೊಳಗೆ ಕೂರಿಸಿದ. ಒಳಗಿನಿಂದ ನೋಡಿದರೆ ಅದೇ ಹಳೇ ಚಿಲಕ, ಗುಮಾನಿಯೇ ಬರದಂತೆ ಬೀಗಕ್ಕೆ ಜೋಡಿಸಿದ್ದ. ಹೊರಗೆ, ಹಿಡಿಯ ಕೆಳಗೆ, ಜೇಬಿನ ಕೀ ಹಿಡಿಯುವಷ್ಟು ಒಂದು ಪುಟ್ಟ ತೂತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ನಿದ್ದೆ ಬಂದದ್ದಕ್ಕಾದರೂ ಅವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಮುಂದಿನ ವಾರಗಳಲ್ಲಿ ಪುಟ್ಟಿ ಚೂರುಪಾರು ಸುಧಾರಿಸುತ್ತಿದ್ದಳು. ಆರನೇ ಗುರುವಾರ ಹೊರಗೆ ಬಂದಾಗ ಅತ್ತಿದ್ದಳು, ಮುಖ ಮಾತ್ರ ಹಗುರವಾಗಿತ್ತು. ಮರುದಿನ ಎರಡು ಸಲ ಬಡಿಸಿಕೊಂಡಳು. ಮುಂದಿನ ಮಂಗಳವಾರ ಸಂಜೆ ಮತ್ತೆ ಬಾಗಿಲು ತಟ್ಟಿದಾಗ ಉತ್ತರ ಬರಲಿಲ್ಲ. ಪುಣ್ಯಾತ್ಮ ಎರಡು ನಿಮಿಷವಾದರೂ ಕಾಯಬೇಡವೇ? ಕೈ ತಾನಾಗಿ ಜೇಬಿಗೆ ಹೋಯಿತು. ಟಕ್ ಎಂದಿತು, ಬಾಗಿಲು ತೆರೆಯಿತು. ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದವಳು ತಲೆಯೆತ್ತಿದಳು. ಚಿಲಕ ನೋಡಿದಳು, ಅವನ ಕೈಯಲ್ಲಿದ್ದ ಕೀ ನೋಡಿದಳು.

"ಮೇಡಂ ಹೇಳಿದ್ರು, ಅಲ್ವಾ?" ಅಂದಳು. "ಈ ಚಿಲಕ ಹಾಕ್ಕೊಂಡ್ರೆ ಮಾತ್ರ ನಂಗೆ ಉಸಿರಾಡಕ್ಕಾಗುತ್ತೆ ಅಂತ ಅವರೊಬ್ಬರಿಗೇ ಹೇಳಿದ್ದು. ಮೊನ್ನೆ ಗುರುವಾರ."

ಇಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅವನ ನಾಲಿಗೆ ಏಳಲಿಲ್ಲ. ತಪ್ಪು ಮೇಡಂ ಮೇಲೆ ಹೋದರೆ ಹೋಗಲಿ, ತನ್ನ ತಲೆಗೆ ಬಾರದಿದ್ದರೆ ಸಾಕು ಎಂದು ಒಳಗೊಬ್ಬ ಹೇಡಿ ಪಿಸುಗುಟ್ಟಿದ. ಗುರುವಾರ ಬಂತು. ಪುಟ್ಟಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡು, ಇನ್ನು ಅಲ್ಲಿಗೆ ಬರಲ್ಲ, ಯಾರ ಹತ್ರಾನೂ ಏನೂ ಹೇಳಲ್ಲ ಅಂದುಬಿಟ್ಟಳು. ಅವತ್ತು ತಟ್ಟೆ ಮುಟ್ಟಲಿಲ್ಲ.

ಶುಕ್ರವಾರ ಕೆಲಸ ಅರ್ಧಕ್ಕೆ ಬಿಟ್ಟು ಮೇಡಂ ಹತ್ತಿರ ಓಡಿದ. ಕೋಣೆಯಲ್ಲಿ ಕೂರದೆ, ಆ ಕಡೆ ನಾಲ್ಕು ಹೆಜ್ಜೆ ಈ ಕಡೆ ನಾಲ್ಕು ಹೆಜ್ಜೆ ಹಾಕುತ್ತಾ ಎಲ್ಲ ಒದರಿದ. ನೀವೇ ಅವಳಿಗೆ ತಿಳಿಸಿ ಹೇಳಿ ಎಂದು ಬೇಡಿದ. ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇದು ನೀವು ಹೇಳ್ಬೇಕಾದ ಮಾತು," ಅಂದರು. "ಇವತ್ತೇ ಹೇಳಿ. ಅವಳು ಎಷ್ಟು ಹೊತ್ತು ಸುಮ್ಮನಿದ್ರೂ ಅಲ್ಲೇ ಇರಿ."

ಮನೆಗೆ ಬಂದವನೇ ಅವಳ ಬಾಗಿಲ ಮುಂದೆ ನೆಲದ ಮೇಲೆ ಕೂತ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಅವಳಿಗೂ ಆ ಬೀಗದ ಸಂಗತಿ ಗೊತ್ತಿರಲಿಲ್ಲ.

"ಪುಟ್ಟಿ, ಮೇಡಂ ನಂಗೆ ಏನೂ ಹೇಳಿಲ್ಲ. ಬೀಗ ಹಾಕಿದ್ದು ನಾನು. ನೀನು ಅಮ್ಮನ ಜೊತೆ ಹೋದ ದಿನ."

ಒಳಗೆ ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅಮ್ಮನ ಜೊತೆ ಹೋದದ್ದು ಮೂರನೇ ವಾರ, ಚಿಲಕದ ಮಾತು ಆಡಿದ್ದು ಆರನೇ ವಾರ. ಮೇಡಂ ತಪ್ಪಿಲ್ಲ. ಅಪ್ಪನದು ಮಾತ್ರ ಹೊಸ ತಪ್ಪಲ್ಲ, ಒಂದು ತಿಂಗಳ ಹಳೇ ತಪ್ಪು.

"ಮೊನ್ನೆ ಯಾಕೆ ಹೇಳ್ಲಿಲ್ಲ?" ಎಂದು ಒಳಗಿನಿಂದ ಕೇಳಿದಳು.

"ಹೆದ್ರಿಕೆ ಆಯ್ತು. ನಿನ್ನ ಕಂಡ್ರೇ ಹೆದ್ರಿಕೆ ಆಗ್ತಿದೆ ಕಣೇ ಈಗೀಗ. ನೀನು ಉತ್ತರ ಕೊಡದೆ ಇದ್ರೆ ನನ್ನ ಕೈಕಾಲೇ ಆಡಲ್ಲ."

ಬಹಳ ಹೊತ್ತು ಕಳೆಯಿತು. ಅವನಿಗೆ ಎದ್ದು ಓಡಾಡಬೇಕೆನಿಸಿತು. ಹೊಸ್ತಿಲಿನ ಒಂದು ಸ್ಕ್ರೂ ಸಡಿಲವಾಗಿತ್ತು, ಕಣ್ಣು ಅದರ ಮೇಲೇ ಹೋಗುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕೊನೆಗೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆದವಳು ಸ್ಕ್ರೂಡ್ರೈವರ್ ಕೇಳಿದಳು. ಚಿಲಕ ಉಳಿಸಿಕೊಂಡು ಬೀಗವನ್ನು ಅವಳೇ ಬಿಚ್ಚಿದಳು, ಒಂದು ಸ್ಕ್ರೂ ತಿರುಚಿ ಹಾಳು ಮಾಡಿದಳು. ಅವನು ತುಟಿ ಕಚ್ಚಿಕೊಂಡು ನೋಡಿದ, ಕೈ ಹಾಕಲಿಲ್ಲ. ಕೀಯನ್ನೂ ಕೊಡು ಅಂದಳು. ನಾಳೆ ಕೆಲಸಕ್ಕೆ ಬೇಕು ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡು ಕೊಟ್ಟ. ಆಮೇಲೆ ಅವಳೇ ಒಂದು ಒಪ್ಪಂದ ಮಾಡಿದಳು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಮಾತು ಹೊರಡದಿದ್ದರೆ ಗೋಡೆ ತಟ್ಟಲು ಹೇಳುತ್ತೇನೆ ಅಂತ ಅಪ್ಪ ಅವಳ ಚಿಕ್ಕಂದಿನಲ್ಲಿ ಕಥೆ ಹೇಳುತ್ತಿದ್ದ. ಹಾಗೇ ಅವನು ತಟ್ಟಲಿ, ಅವಳು ಹೆಡ್‌ಫೋನ್ ಇಳಿಸಿಟ್ಟಿರುತ್ತಾಳೆ, ಒಳಗಿನಿಂದ ಎರಡು ಸಲ ತಟ್ಟುತ್ತಾಳೆ. ಅದಕ್ಕಿಂತ ಹೆಚ್ಚು ಕೇಳಬಾರದು. ಗುರುವಾರದ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಭಾನುವಾರ ಅವನು ಹನ್ನೊಂದು ಸಲ ತಟ್ಟಿದ. ಹನ್ನೊಂದನೆಯದಕ್ಕೆ ಒಳಗಿನಿಂದ ಎರಡು ಸಲ ತಟ್ಟಿ, ಜೊತೆಗೆ, "ಅಪ್ಪಾ, ಹೋಗಿ ಟೀ ಕುಡಿ," ಎಂದು ಬೈದಳು. ಅಡುಗೆಮನೆಯಲ್ಲಿ ಹೆಂಡತಿ ನಕ್ಕಳು. ತಿಂಗಳುಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಗುರುವಾರ ಮೂರೂ ಕಾಲು ಗಂಟೆಗೆ ಅವನು ಹಜಾರದಲ್ಲಿ ಕೂತಿದ್ದ. ಷೂ ಹಾಕಿಕೊಂಡ. ಬರ್ತೀಯಾ ಅಂತ ಕೇಳಿದ ಹಾಗಾಗುತ್ತದೆ ಎಂದು ಬಿಚ್ಚಿದ. ಮತ್ತೆ ಹಾಕಿಕೊಂಡ. ಮೂರೂವರೆ ಆಯಿತು. ಬಾಗಿಲು ಮುಚ್ಚಿಯೇ ಇತ್ತು. ಹೋಗಿ ತಟ್ಟಲು ಎದ್ದ, ಹೋಗಲಿಲ್ಲ, ಕೂತ. ಇವತ್ತು ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ ಎಂದು ಅವನಿಗೆ ಅನಿಸುತ್ತಿತ್ತು.

ಆಗ ಒಳಗಿನಿಂದ ಎರಡು ಸಲ ತಟ್ಟಿದ ಸದ್ದು ಕೇಳಿತು. ಅವನು ತಟ್ಟಿರಲಿಲ್ಲ.

"ಷೂ ಹಾಕ್ಕೊಂಡ್ಯಾ ಅಪ್ಪಾ?" ಎಂದು ಕೇಳುತ್ತಾ ಚಿಲಕ ತೆಗೆದಳು.