ಕೈ ಹಾಕಬ್ಯಾಡ ಅಂದವರು

ಅಕ್ಕೋರ ಎರಡೂ ಕಾಲುಗಳ ಹರಡಿನ ಹೊರಮಗ್ಗುಲಲ್ಲಿ ರೂಪಾಯಿ ಅಗಲದ ಕಪ್ಪು, ಗಟ್ಟಿ ಚರ್ಮವಿತ್ತು. ಮಕ್ಕಳ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತು ಕುಳಿತು ಆದದ್ದು. ಇಡೀ ಶಾಲೆಯಲ್ಲಿ ಅವರಿಗೊಂದು ಕುರ್ಚಿ ಇರಲಿಲ್ಲ.

ದೊಡ್ಡ ಶಾಲೆಯ ಕೆಲಸ ಬಿಟ್ಟು ಅವರು ಬೆಳಗಾವಿಯ ಖಾಸಬಾಗದಲ್ಲಿ ಬಾಡಿಗೆ ಮನೆ ಹಿಡಿದು ಮಾಂಟೆಸರಿ ಶಾಲೆ ತೆರೆದಾಗ ಅವರ ಬೆನ್ನಿಗೆ ಯಾವ ಸಂಸ್ಥೆಯೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಒಬ್ಬರೇ ವಾಸ, ಮುಂದಿನ ಪಡಸಾಲೆಯಲ್ಲಿ ಶಾಲೆ. ನಾನು ಮಗಳನ್ನು ಸೇರಿಸಲು ಹೋದವಳು, ಶಿಕ್ಷಕಿಯಾಗಿ ಅಲ್ಲೇ ಉಳಿದೆ.

ಮಕ್ಕಳು ನೀರು ಸುರಿಯುವುದನ್ನು ಕಲಿಯಲೆಂದು ಅವರು ತಮ್ಮ ತವರೂರಾದ ಖಾನಾಪುರದ ಕುಂಬಾರರಿಂದ ಗೇಣುದ್ದದ ಮಣ್ಣಿನ ಹೂಜಿಗಳನ್ನು ಮಾಡಿಸಿ ತರುತ್ತಿದ್ದರು. ಅವು ಆಗಾಗ ಒಡೆಯುತ್ತಿದ್ದವು. ಸ್ಟೀಲಿನವು ಇಡಬಾರದೇ ಎಂದು ತಾಯಂದಿರು ಕೇಳಿದರೆ, “ಸ್ಟೀಲ್ ಬಿದ್ದರ ಬರೇ ಸಪ್ಪಳ ಆಗತೈತ್ರಿ. ಇದು ಬಿದ್ದರ ಹೋಗೇಬಿಡತೈತಿ. ಅದಕ್ಕ ಕೈ ಹುಷಾರ್ ಆಗತಾವು” ಅನ್ನುತ್ತಿದ್ದರು. ಒಡೆದ ಚೂರುಗಳನ್ನು ಒಡೆದ ಮಗುವೇ ಗುಡಿಸಬೇಕು.

ಒಬ್ಬ ತಂದೆ ಬಾಗಿಲಲ್ಲಿ ನಿಂತು, “ಫೀ ಕೊಟ್ಟು ಮಗಳಿಗೆ ಕಸಾ ಹೊಡಿಯೂದು ಕಲಸಾಕತ್ತೇವಲ್ರಿ ಅಕ್ಕೋರ” ಎಂದ.

“ಮನ್ಯಾಗ ಆಕಿ ಕಡೆ ನೀವೂ ಕಲೀರಿ ಸಾಹೇಬ್ರ. ನಿಮಗ ಫೀ ಇಲ್ಲ.”

ಕೆಲಸದಲ್ಲಿ ಮುಳುಗಿರುವ ಮಗುವನ್ನು ಯಾರೂ ತಡೆಯಬಾರದು, ಮಾತಾಡಿಸಬಾರದು, ಶಾಬಾಸ್ ಕೂಡ ಅನ್ನಬಾರದು. ಅಲ್ಲಿಯ ನಿಯಮ ಅದೊಂದೇ. ತುಂಬಿದ ಹೂಜಿ ಹಿಡಿದು ಮಗು ನಡೆದು ಬಂದರೆ ದೊಡ್ಡವರು ಸರಿದು ದಾರಿ ಬಿಡುತ್ತಿದ್ದೆವು. ಮೊದಮೊದಲು ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. “ಕೈ ಹಾಕಬ್ಯಾಡವಾ. ಕೆಲಸ ಆಕಿದು” ಎಂದು ಅಕ್ಕೋರು ಮೆಲ್ಲಗೆ ಹೇಳುತ್ತಿದ್ದರು. ಕ್ರಮೇಣ ನನ್ನ ಕೈ ಸುಮ್ಮನಿರುವುದನ್ನು ಕಲಿಯಿತು.

ಒಂದು ದಿನ ಅವರು ಮಕ್ಕಳಿಗೆ ಮರದ ಗಟ್ಟಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸಿ ತೋರಿಸುತ್ತ ನಡುವೆ ತಡೆದು ನಿಂತರು. ಕೈಯಲ್ಲಿದ್ದ ಗಟ್ಟಿಯನ್ನು ಬಹಳ ಹೊತ್ತು ನೋಡಿ, ತಪ್ಪು ಜಾಗದಲ್ಲಿ ಇಟ್ಟರು. ಎದುರಿಗೆ ಕುಳಿತಿದ್ದ ಹುಡುಗಿ ಕೈ ಹಾಕಲಿಲ್ಲ. ಗೋಪುರ ಬೀಳುವವರೆಗೂ ಕಾದಳು. ಅವಳಿಗೆ ಅದನ್ನು ಕಲಿಸಿದವರು ಅಕ್ಕೋರೇ.

ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದರು. ಖಾನಾಪುರದಿಂದ ಅವರ ತಮ್ಮ ಬಂದು, ಮನೆಗೆ ಕರೆದೊಯ್ಯುತ್ತೇನೆ ಎಂದರು. ಅಕ್ಕೋರು ಒಪ್ಪಲಿಲ್ಲ. “ಇಲ್ಲೆ ಮಕ್ಕಳ ನಡುವ ಇದ್ದರ ನನಗ ಖರೇನ ಎಲ್ಲಾ ನೆನಪ ಇರತೈತೋ. ಅಲ್ಲೆ ಬಂದರ ನಾ ಯಾರು ಅನ್ನೂದ ಮರೀತೇನಿ.” ತಮ್ಮ ನನ್ನ ಕಡೆ ತಿರುಗಿ, “ನೀವು ಕಣ್ಣಿಟ್ಟಿರ್ತೀರೇನ್ರಿ?” ಎಂದು ಕೇಳಿದರು. ಇಡುತ್ತೇನೆ ಎಂದೆ. ನಾನು ಕಣ್ಣಿಟ್ಟಿದ್ದೆ ಕೂಡ. ಕಣ್ಣಿಟ್ಟರಷ್ಟೇ ಸಾಲದು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆ ಬೆಳಿಗ್ಗೆ ಅಕ್ಕೋರು ಒಂದು ಹೂಜಿಗೆ ಕಂಠಮಟ್ಟ ನೀರು ತುಂಬಿದರು. ಎರಡೂ ಕೈಯಲ್ಲಿ ಹಿಡಿದು, ನೀರಿನ ಮೇಲೇ ನೋಟವಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ಪಡಸಾಲೆ ದಾಟಿದರು. ಒಂದು ಹನಿ ತುಳುಕಲಿಲ್ಲ. ಮಕ್ಕಳು ಸರಿದು ದಾರಿ ಬಿಟ್ಟರು. ನಾನೂ ಸರಿದೆ. ಎಷ್ಟೋ ತಿಂಗಳ ಮೇಲೆ ಅವರ ಮುಖ ಅಷ್ಟು ತಿಳಿಯಾಗಿತ್ತು. ಅಂಗಳದ ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದಾರೆ ಎಂದುಕೊಂಡೆ. ಅವರು ಗೇಟು ತೆರೆದು ಹೊರಗೆ ಹೋದದ್ದನ್ನು ನಾನು ನೋಡಲಿಲ್ಲ.

ಖಾಸಬಾಗದ ಓಣಿಗಳನ್ನೆಲ್ಲ ಹುಡುಕಿದೆವು. ಮಧ್ಯಾಹ್ನ ಖಾನಾಪುರದ ಕುಂಬಾರರ ಫೋನ್ ಬಂತು. “ಅಕ್ಕೋರು ನಮ್ಮ ಕಟ್ಟಿ ಮ್ಯಾಲ ಕುಂತಾರ್ರಿ. ಬಸ್ಸಿಗೆ ಬಂದಾರಂತ. ಕೈಯಾಗ ಹೂಜಿ ಐತಿ, ಬಿಡವಲ್ರು. ಅರ್ಧಾ ನೀರು ಹಂಗ ಅದಾವು.”

ನಾನು ಹೋಗುವಷ್ಟರಲ್ಲಿ ತಮ್ಮ ಬಂದಿದ್ದರು. “ಎಲ್ಲಾರೂ ನೋಡಕೋತ ನಿಂತಿದ್ರಲ್ರಿ?” ಎಂದರು. ಹೌದು, ನೋಡುತ್ತ ನಿಂತಿದ್ದೆವು. ಕೆಲಸದಲ್ಲಿ ಮುಳುಗಿದವರನ್ನು ತಡೆಯಬಾರದೆಂಬ ನಮ್ಮ ನಿಯಮವನ್ನು ವಿವರಿಸಲು ನೋಡಿದೆ. ನನ್ನ ಮಾತು ನನಗೇ ಹುಚ್ಚಿನಂತೆ ಕೇಳಿಸಿತು. ಆ ದಿನವೇ ಅವರು ಅಕ್ಕನನ್ನು ಮನೆಗೆ ಕರೆದೊಯ್ದರು.

ಮಳೆಗಾಲ ಕಳೆದ ಮೇಲೆ ನೋಡಲು ಹೋದೆ. ಅಕ್ಕೋರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ತಲೆ ಬಾಚಿದ್ದರು, ಸೀರೆ ಒಪ್ಪವಾಗಿತ್ತು. ನನ್ನನ್ನು ಗುರುತಿಸಲಿಲ್ಲ. ತಮ್ಮನ ಹೆಂಡತಿ ತುಪ್ಪ ಹಾಕಿ ಕಲಸಿದ ಅನ್ನವನ್ನು ಚಮಚದಿಂದ ತಿನ್ನಿಸುತ್ತಿದ್ದರು. ಕೊರತೆ ಎನ್ನುವಂಥದ್ದೇನೂ ಇರಲಿಲ್ಲ. ಅಕ್ಕೋರ ಕೈಗಳು ಮಾತ್ರ ತೊಡೆಯ ಮೇಲೆ ಯಾರೋ ಇಟ್ಟು ಮರೆತಂತೆ ಇದ್ದವು.

“ಚಮಚ ಅವರ ಕೈಯಾಗ ಕೊಟ್ಟು ನೋಡ್ರಿ” ಎಂದೆ.

“ಎಲ್ಲಾ ಮೈಮ್ಯಾಲ ಚೆಲ್ಲಕೋತಾರ್ರಿ.”

“ಚೆಲ್ಲಲಿ.”

ಆಕೆ ನನ್ನನ್ನು ಒಂದು ಕ್ಷಣ ನೋಡಿ, ಕೊಟ್ಟರು. ಮೊದಲ ತುತ್ತು ಮಡಿಲಿಗೆ ಬಿತ್ತು. ಎರಡನೆಯದು ಗಲ್ಲಕ್ಕೆ ತಾಗಿತು. ಆಮೇಲೊಂದು ಬಾಯಿ ಸೇರಿತು. ಅಲ್ಲೇ ಕುಳಿತಿದ್ದ ತಮ್ಮ ಎದ್ದು ಹೊರಗೆ ಹೋದರು.

ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಬಹಳ ಸೊರಗಿದ್ದರು ಎಂದು ಸುದ್ದಿ ತಿಳಿಸಿದವರು ಹೇಳಿದ್ದರು. ಮನೆಯವರನ್ನು ಮಾತಾಡಿಸಲು ಹೋದಾಗ ತಮ್ಮನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: “ನೀವು ಬಂದು ಹೋದ ಮ್ಯಾಲ ನಾ ಕೈ ಹಾಕಲೇ ಇಲ್ರಿ. ತಾವ ಚಮಚ ಹಿಡದ ಉಣತಿದ್ರು. ಅನ್ನ ಆರಿ ಹೋಗತಿತ್ತು, ನಾ ಬಾಜೂಕ ಕುಂತಿರ್ತಿದ್ದೆ.”

ಆಕೆ ನನ್ನ ಮುಖ ನೋಡುತ್ತ ನಿಂತರು. ಅಕ್ಕೋರ ಹೊಟ್ಟೆ ತುಂಬುತ್ತಿತ್ತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.