ಕೆಂಪಾಗದ ಹೆಸರು

ಮೂರು ವರ್ಷದ ಹಿಂದೆ, ನನಗೆ ಅರುವತ್ತೆಂಟು. ಕಬಡ್ಡಿ ಅಂಪೈರ್ ಆಗಿದ್ದ ನನ್ನ ಗಂಡ ತೀರಿ ಹದಿನೈದು ದಿನ. ಕ್ಲಬ್ಬಿನ ಅಶ್ರಫ್ ಬಂದು ಮೊಬೈಲ್ ತೋರಿಸಿದ. ಯಾವ ಪಂದ್ಯಕ್ಕೆ ಯಾರು ಅಂಪೈರ್ ಎಂದು ಅದರಲ್ಲೇ ಹಾಕುವುದಂತೆ. ಕುಂಜತ್ತೂರಿನ ಭಾನುವಾರದ ಪಂದ್ಯಕ್ಕೆ ಇವರ ಹೆಸರು ಉಂಟು, ಬರುತ್ತೇನೆಂದು ನಿನ್ನೆ ಒಪ್ಪಿದ ಹಸಿರು ಗುರುತೂ ಉಂಟು.

“ಅಕ್ಕಾ, ಅಣ್ಣನ ಮೊಬೈಲಿನಿಂದಲೇ ‘ಬರುವುದಿಲ್ಲ’ ಅಂತ ಒತ್ತಬೇಕು. ಇಲ್ಲದಿದ್ದರೆ ಬೇರೆಯವರನ್ನು ಹಾಕಲಿಕ್ಕೆ ಆಗುವುದಿಲ್ಲ, ಪಂದ್ಯವೇ ನಿಲ್ಲುತ್ತದೆ.”

“ನಿನ್ನೆ ಒತ್ತಿದ್ದು ಯಾರು ಮಾರಾಯಾ? ಅವರು ಸತ್ತಂದಿನಿಂದ ಅದು ಕಪಾಟಿನಲ್ಲಿ ಬೀಗದೊಳಗೆ ಉಂಟು.”

ತೆಗೆದು ಚಾರ್ಜಿಗಿಟ್ಟು, ಅವನು ತೋರಿಸಿದ ಕಡೆ ಒತ್ತಿದೆ. ಹಸಿರು ಗುರುತು ಕೆಂಪಾಯಿತು. ನಾವು ನೋಡುತ್ತಿದ್ದ ಹಾಗೆಯೇ ಪುನಃ ಹಸಿರಾಯಿತು. ಅಶ್ರಫ್ ಅರ್ಧ ಚಹಾ ಬಿಟ್ಟು ಎದ್ದು ಹೋದ.

ನಾನು ಅಳಲಿಲ್ಲ. ಮರುದಿನ ಬೆಳಿಗ್ಗೆ, ಅವರು ಪಂದ್ಯಕ್ಕೆ ಹಾಕುತ್ತಿದ್ದ ಬಿಳಿ ಅಂಗಿ ಒಗೆದು ಬಿಸಿಲಿಗೆ ಹಾಕಿದೆ.