ಕೊರಳಿಗೆ ಫೋನು ಕಟ್ಟಿಕೊಂಡ ಸುಂಕಲಮ್ಮ

ರಾಯದುರ್ಗದ ಸುಂಕಲಮ್ಮನಿಗೆ ರೀಲ್ಸ್ ಹುಚ್ಚು ಹಿಡಿದಿದೆಯೆಂದು ಇದನ್ನು ಬರೆಯುವವನು ಎಂಟು ತಿಂಗಳು ನಂಬಿದ್ದ. ನಂಬದೆ ಏನು ಮಾಡುವುದು? ನಲವತ್ತೆಂಟರ ಹೆಂಗಸು. ಜೀನ್ಸ್ ಬಟ್ಟೆಯ ಪಟ್ಟಿಗೆ ಫೋನು ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಾಳೆ. ಫೋನು ಕೆಳಗೆ ನೋಡಲೆಂದು ಅದರ ಹಿಂದೆ ದಾರ ಮುಗಿದ ಖಾಲಿ ಕೋನೊಂದನ್ನು ಸಿಕ್ಕಿಸಿದ್ದಾಳೆ. ಆ ಅವತಾರದಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಮಂತ್ರಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. "ಈ ವಯಸ್ಸಿಗೆ ಇದೊಂದು ಬೇಕಿತ್ತು" ಎಂದು ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಯೂ ಆಗಿತ್ತು. ಅದನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಆ ನಾಲ್ವರು ಈಗ ಒಟ್ಟಿಗೆ ಸಿಗುತ್ತಿಲ್ಲ. ಹಾಗಾಗಿ ಬರೆಯುವುದೇ ವಾಸಿ.

ಸುಂಕಲಮ್ಮ ಗಂಗಾಧರಪ್ಪನವರ ಜೀನ್ಸ್ ಘಟಕದಲ್ಲಿ ಹದಿನೆಂಟು ವರ್ಷದಿಂದ ಜಿಪ್ಪು ಕೂಡಿಸುವವಳು. ಅಲ್ಲಿ ಒಂದು ಪ್ಯಾಂಟನ್ನು ಒಬ್ಬರೇ ಹೊಲಿಯುವ ಪದ್ಧತಿಯಿಲ್ಲ. ಜೇಬಿನವರು ಜೇಬಿಗೆ, ಸೊಂಟಪಟ್ಟಿಯವರು ಸೊಂಟಪಟ್ಟಿಗೆ, ಜಿಪ್ಪಿನವರು ಜಿಪ್ಪಿಗೆ. ಹೊಲಿದಷ್ಟು ಪೀಸಿಗೆ ಕೂಲಿ. ಹೊಸಬರಿಗೆ ಕಲಿಸುತ್ತ ಕೂತವರ ಪೀಸು ಕೂತಲ್ಲೇ ಕೂರುತ್ತದೆ. ಆದ್ದರಿಂದ ಯಾರೂ ಯಾರಿಗೂ ಕಲಿಸುವುದಿಲ್ಲ. ಸುಂಕಲಮ್ಮ ಕಲಿತದ್ದೂ ಹಿರಿಯ ಟೈಲರೊಬ್ಬನ ಬೆನ್ನ ಹಿಂದೆ ನಿಂತು, ಭುಜದ ಮೇಲಿಂದ ಇಣುಕಿ. "ನೆರಳು ಬೀಳಾಕತ್ತೈತಿ, ಸರಿ ಅತ್ಲಾಗ" ಎಂದು ಆತ ಮೂರು ತಿಂಗಳು ಬೈದ. ಆ ಮೂರು ತಿಂಗಳಲ್ಲಿ ಅವಳು ಜಿಪ್ಪನ್ನು ಕಲಿತಳು, ಜೊತೆಗೆ ಕನ್ನಡ ತೆಲುಗು ಎರಡರಲ್ಲೂ ಬೈಗುಳವನ್ನು ಪೂರ್ತಿ ಕಲಿತಳು.

ಕಾಲ ಕಳೆದು ಅವಳ ಬೆನ್ನ ಹಿಂದೆಯೇ ಹುಡುಗಿಯರು ನಿಲ್ಲತೊಡಗಿದರು. ಬೈಯಲು ಬಾಯಿ ಬರಲಿಲ್ಲ, ಕೈ ನಿಲ್ಲಿಸಲು ಮನಸ್ಸು ಬರಲಿಲ್ಲ. "ನನ್ನ ಕಣ್ಣಿಗೆ ಏನು ಕಾಣತೈತೋ ಫೋನಿಗೂ ಅದ ಕಾಣಲಿ" ಎಂದು ಕೊರಳಿಗೆ ಕಟ್ಟಿಕೊಂಡಳು. ಅವಳ ಪಾಡಿಗೆ ಅವಳು ಹೊಲಿದಳು, ಫೋನಿನ ಪಾಡಿಗೆ ಫೋನು ನೋಡಿತು. ಹುಡುಗಿಯರು ಆ ವಿಡಿಯೋವನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಮನೆಗೆ ಒಯ್ದು ಅನ್ನ ಬೇಯುವಷ್ಟರಲ್ಲಿ ಮೂರು ಸಲ ನೋಡಿ ಬಂದರು. ಹೀಗೆ ಆರು ಜನ ಕಲಿತರು, ಅವಳ ಒಂದು ಪೀಸೂ ತಪ್ಪಲಿಲ್ಲ.

ಇಷ್ಟರಲ್ಲಿ ಗಂಗಾಧರಪ್ಪನವರ ತಲೆಗೆ ಮಡಕಶಿರ ಹೊಕ್ಕಿತು. ಅಲ್ಲಿ ಅವರ ಭಾವಮೈದುನನ ಶೆಡ್ಡೊಂದು ಖಾಲಿ ಬಿದ್ದಿತ್ತು. ಇಪ್ಪತ್ತು ಮಿಷನ್ನು ಹಾಕಿ ಹೆಂಗಸರಿಗೆ ಜೀನ್ಸ್ ಹೊಲಿಗೆ ಕಲಿಸುವ ಯೋಚನೆ. ಆದರೆ ಮಿಷನ್ನು ಕೊಡುವ ಬಳ್ಳಾರಿಯ ಪಾಲುದಾರ ಪಟ್ಟು ಹಿಡಿದಿದ್ದ: ಮೊದಲ ಸಭೆಯಲ್ಲೇ ಹದಿನೈದು ಹೆಂಗಸರು ಹೆಸರು ಬರೆಸಬೇಕು, ಒಂದು ಕಡಿಮೆಯಾದರೂ ಮಿಷನ್ನು ಬೇರೆ ಊರಿಗೆ.

"ಹದಿನೈದು ಆದ್ರ, ಕಲಿಸಾಕ ನೀನ ಹೋಗಬೇಕು ನೋಡವ್ವ" ಎಂದರು ಗಂಗಾಧರಪ್ಪ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಸುಂಕಲಮ್ಮ. ಉಳಿದ ಕ್ಲಾಸುಗಳನ್ನೆಲ್ಲ ಹಾರಿಸಿ ನೇರವಾಗಿ ಟೀಚರಾಗುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಅಂದಿನಿಂದ ಜಿಪ್ಪು ಕೂಡಿಸುವಾಗಲೆಲ್ಲ ಅವಳು ಮನಸ್ಸಿನೊಳಗೆ ಹಾಜರಿ ಕೂಗುತ್ತಿದ್ದಳು. ಹದಿನೈದೂ ಜನ "ಬಂದೀನ್ರಿ" ಅನ್ನುತ್ತಿದ್ದರು.

ಆದರೆ ಸಭೆಯ ಜವಾಬ್ದಾರಿ ಬಿದ್ದದ್ದು ವಾಗೀಶನ ಮೇಲೆ. ವಾಗೀಶ ಗಂಗಾಧರಪ್ಪನವರ ಅಳಿಯ, ಎಂ.ಬಿ.ಎ. ಮಾಡಿದವನು. ಚಟ್ನಿ ಬಡಿಸಿ ಎನ್ನುವುದನ್ನೂ ನೂರು ಜನರ ಸಭೆಗೆ ಹೇಳುವಂತೆ ಹೇಳುತ್ತಿದ್ದ. ಒಳ್ಳೆಯ ಹುಡುಗನೇ; ಅಂಗಿಯ ಇಸ್ತ್ರಿ ಮಾತ್ರ ಅವನ ಮಾತಿಗೂ ಇಳಿದುಬಿಟ್ಟಿತ್ತು.

"ಮಾವಾ, ಇದು ವಿಶುವಲ್ಸ್ ಕಾಲ. ಬರೇ ಬಾಯಿಮಾತು ಯಾರೂ ಕೇಳಂಗಿಲ್ಲ. ಒಂದು ಪ್ರೊಫೆಷನಲ್ ವಿಡಿಯೋ ಮಾಡ್ತೀನಿ."

ಮಾಡಿದ. ಮೊದಲ ಎರಡು ನಿಮಿಷ ರಾಯದುರ್ಗದ ಕೋಟೆಬೆಟ್ಟ ಮೋಡದೊಳಗಿಂದ ಎದ್ದು ಬಂತು. ಅದರ ಹಿಂದೆ ಬಂಗಾರದ ಅಕ್ಷರದಲ್ಲಿ ವಾಗೀಶನ ಹೆಸರು ಎದ್ದು ಬಂತು. ಆಮೇಲೆ ವಾಗೀಶನೇ ಬಂದ. ಸುಂಕಲಮ್ಮನಿಂದ ಒಂದು ಮಧ್ಯಾಹ್ನ ಜಿಪ್ಪು ಕಲಿತು, ಸೆಲ್ಫಿ ಕ್ಯಾಮೆರಾ ಎದುರಿಗಿಟ್ಟುಕೊಂಡು, ಮುಗುಳ್ನಗುತ್ತ ಹೊಲಿದು ತೋರಿಸಿದ್ದ. ಅದನ್ನು ನೋಡಿ ಹೊಲಿಯಿರೆಂದು ಇಬ್ಬರು ಹೊಸ ಹುಡುಗಿಯರಿಗೆ ಮೂವತ್ತು ಪ್ಯಾಂಟು ಕೊಟ್ಟರು. ಪಾಪ, ಅವರು ಒಂದು ಗೆರೆ ಆಚೀಚೆ ಆಗದಂತೆ ಹೊಲಿದರು. ಸೆಲ್ಫಿ ಕ್ಯಾಮೆರಾ ಕನ್ನಡಿಯಂಥದು, ಎಡವನ್ನು ಬಲ ಮಾಡಿ ತೋರಿಸುತ್ತದೆ ಎನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಜಿಪ್ಪಿನ ಮೇಲಿನ ಮುಚ್ಚುಪಟ್ಟಿ ಮೂವತ್ತೂ ಪ್ಯಾಂಟಿನಲ್ಲಿ ಉಲ್ಟಾ ಕಡೆಗೆ ಕೂತಿತ್ತು.

ಗಂಗಾಧರಪ್ಪನವರು ಪರೀಕ್ಷೆಗೆಂದು ಒಂದನ್ನು ಹಾಕಿಕೊಂಡರು. ಐವತ್ತು ವರ್ಷದ ಅಭ್ಯಾಸ, ಕೈ ಒಂದು ಕಡೆ ಹೋಯಿತು. ಜಿಪ್ಪು ಇನ್ನೊಂದು ಕಡೆ ಇತ್ತು. ಅವಸರದ ಹೊತ್ತು ಬೇರೆ. ಅವರು ಬಚ್ಚಲಿನಿಂದ ಹೊರಗೆ ಬಂದಾಗ ಇದ್ದ ಮುಖವನ್ನು ಘಟಕದವರು ಇನ್ನೂ ನೆನೆಸಿಕೊಳ್ಳುತ್ತಾರೆ.

"ಇನ್ನ ವಿಡಿಯೋ ಗಿಡಿಯೋ ಅಂದವರು ನನ್ನ ಹೊಸ್ತಿಲು ದಾಟಬ್ಯಾಡ್ರಿ!"

"ನಂದೂನೇನ್ರಿ, ಸಾವ್ಕಾರ್ರ?" ಎಂದಳು ಸುಂಕಲಮ್ಮ.

"ಯಾರದಾದರೂ ಸೈ!"

ವಾಗೀಶ ಸೋಲುವವನಲ್ಲ. ವಿಡಿಯೋ ಬಿಟ್ಟು ಅರವತ್ನಾಲ್ಕು ಸ್ಲೈಡು ಮಾಡಿದ.

ಮಡಕಶಿರದ ಕಲ್ಯಾಣ ಮಂಟಪಕ್ಕೆ ನಲವತ್ತು ಹೆಂಗಸರು ಬಂದಿದ್ದರು. ಬಂದ ತಕ್ಷಣ ಸುಂಕಲಮ್ಮ ತಲೆ ಎಣಿಸಿ ಸಮಾಧಾನಪಟ್ಟಳು. ವೇದಿಕೆಯ ಪಕ್ಕದಲ್ಲಿ ತಂದಿಟ್ಟಿದ್ದ ಒಂದು ಮಿಷನ್ನನ್ನು ಸೆರಗಿನಿಂದ ಎರಡು ಸಲ ಒರೆಸಿದಳು. ದೀಪ ಆರಿತು, ಪರದೆಯ ಮೇಲೆ ಬಾಣಗಳು ಹಾರಾಡಿದವು. ಒಂದು ಬಾಣ ಚೀನಾದಿಂದ ಹೊರಟು ಮಡಕಶಿರಕ್ಕೆ ಬಂದು ಚುಚ್ಚಿತು. ಏಳನೇ ಸ್ಲೈಡಿನಲ್ಲಿ ಬಣ್ಣಬಣ್ಣದ ದುಂಡನೆಯ ಚಿತ್ರವೊಂದು ಹೋಳುಹೋಳಾಗಿ ಬಿಚ್ಚಿಕೊಂಡಿತು.

"ಅದ್ಯಾಕಮ್ಮ, ಒಬ್ಬಟ್ಟು ಕುಯ್ದವ್ರೆ?" ಎಂದು ಮೊದಲ ಸಾಲಿನ ಕದರಮ್ಮ ಪಕ್ಕದವಳನ್ನು ಕೇಳಿದಳು. ಕುರಿ ಸಾಕುವವಳು, ಬಯಲಿನಲ್ಲಿ ಕೂಗಿ ಅಭ್ಯಾಸವಾದ ಗಂಟಲು, ಪಿಸುಮಾತು ಇಡೀ ಮಂಟಪಕ್ಕೆ ಕೇಳಿಸಿತು.

"ಅದು ಜಾಗತಿಕ ಡೆನಿಮ್ ಮಾರುಕಟ್ಟೆ, ಅಮ್ಮಾ" ಎಂದ ವಾಗೀಶ.

"ನಮ್ ಪಾಲು ಯಾವ್ದಪ್ಪ?"

ಅದು ಐವತ್ತೆರಡನೇ ಸ್ಲೈಡಿನಲ್ಲಿತ್ತು. ಹತ್ತೊಂಬತ್ತನೆಯದು ಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಸೀರೆ ಕೊಡವುವ ಸದ್ದಾಯಿತು. ರೇಷ್ಮೆ ಹುಳ ಸಾಕುವ ಮನೆಯವರು ಅವರು. "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾತು, ಬರ್ತೀವಿ ಕಣಪ್ಪ" ಎಂದು ನಾಲ್ವರು ಎದ್ದರು. ಅವರ ಹಿಂದೆ ಆರು ಜನ. ರೇಷ್ಮೆ ಹುಳಕ್ಕೆ ಜಾಗತಿಕ ಮಾರುಕಟ್ಟೆ ಹೇಳಿ ಕಾಯಿಸಲು ಬರುವುದಿಲ್ಲ.

ಸುಂಕಲಮ್ಮನ ಕಣ್ಣೆದುರೇ ಅವಳ ಕ್ಲಾಸು ಬಾಗಿಲು ದಾಟತೊಡಗಿತು. ಅವಳು ಎದ್ದು ವೇದಿಕೆಗೆ ಹೋಗಿ ಕೊರಳ ಫೋನನ್ನು ಬಿಚ್ಚಿದಳು.

"ವಾಗೀಶಪ್ಪ, ನಿಮ್ಮದು ನಿಲ್ಲಿಸ್ರಿ. ನಂದು ಹಾಕ್ರಿ."

ವಾಗೀಶ ಮಾವನ ಕಡೆ ನೋಡಿದ. ಮಾವ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಬರೀ ಬೆನ್ನುಗಳಿದ್ದವು.

"ಹಾಕು ಅತ್ಲಾಗ. ಇನ್ನ ಕೆಡೋದೇನೈತಿ."

ವಾಗೀಶ ಲ್ಯಾಪ್‌ಟಾಪಿನ ವೈರು ಕಿತ್ತು ಫೋನಿಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಕಂಕುಳಿಗೆ ಸೇರಿಸಿದ. ಪರದೆಯ ತುಂಬ ಎರಡು ಕೈ ಬಂದವು. ಮುಖವಿಲ್ಲ, ಕೋಟೆಯಿಲ್ಲ, ಅಕ್ಷರವಿಲ್ಲ. ಬಿರುಕು ಬಿಟ್ಟ ಹೆಬ್ಬೆರಳು, ನೀಲಿ ಬಟ್ಟೆ, ಹಿತ್ತಾಳೆಯ ಜಿಪ್ಪು. ಇಡೀ ಮಂಟಪವೇ ಎದ್ದು ಸುಂಕಲಮ್ಮನ ಬೆನ್ನ ಹಿಂದೆ ನಿಂತು ಇಣುಕಿದ ಹಾಗಾಯಿತು. ಬಲಗೈ ಬಲಕ್ಕೇ ಇತ್ತು, ಎಡಗೈ ಎಡಕ್ಕೇ ಇತ್ತು. ಘಟಕದ ಗದ್ದಲವೂ ಹಾಗೇ ಇತ್ತು: ಮಿಷನ್ನು, ರೇಡಿಯೊ, ಯಾರದೋ ಸೀನು. ನಡುವೆ ಎಲ್ಲಿಂದಲೋ ಗಂಗಾಧರಪ್ಪನವರ ದನಿ: "ನಮ್ಮ ಅಳಿಯ ಎಲ್ಲಿ ಅದಾನ? ಮದುವಿ ಆದಾಗಿಂದ ಆ ಲ್ಯಾಪ್‌ಟಾಪ್ ಕಂಕುಳಾಗ ಇಟಗೊಂಡು ತಿರಗತಾನ, ಕೂಸು ಹೊತ್ತಂಗ!"

ಮಂಟಪ ಗೊಳ್ಳೆಂದಿತು. ಹೊಸ್ತಿಲಲ್ಲಿದ್ದವರು ಏನಾಯಿತೆಂದು ತಿರುಗಿದರು, ತಿರುಗಿದವರು ನಿಂತರು. ವಾಗೀಶ ಕಂಕುಳಿನ ಲ್ಯಾಪ್‌ಟಾಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆಮೇಲೆ ಅವನೂ ನಕ್ಕ. ಅವತ್ತು ಅವನು ಇಸ್ತ್ರಿ ಇಲ್ಲದೆ ಮಾಡಿದ ಮೊದಲ ಕೆಲಸ ಅದು.

"ನಿಲ್ಸು, ನಿಲ್ಸು!" ಕದರಮ್ಮ ಕೂಗಿದಳು. "ಆ ಬೆಳ್ಳು ಹೆಂಗೆ ಮಡಚಿದ್ಲು? ಇನ್ನೊಂದ್ಸಲ ತೋರ್ಸಪ್ಪ."

"ನೋಡೋದ್ಯಾಕ, ಬಾರವ್ವ ಇಲ್ಲಿ, ಕುಂದ್ರು" ಎಂದಳು ಸುಂಕಲಮ್ಮ.

ಕದರಮ್ಮ ಕರೆಂಟಿನ ಮಿಷನ್ನಿಗೆ ಕೂತದ್ದು ಅದೇ ಮೊದಲು. ಪೆಡಲ್ ತುಳಿದದ್ದೇ ತಡ, ಅದು ಗರ್ರೆಂದು ಬಟ್ಟೆಯನ್ನು ಎಳೆದುಕೊಂಡು ಓಡಿತು. "ಅಯ್ಯೋ, ಇದೇನಿದು, ಹಗ್ಗ ಬಿಚ್ಚಿದ ಹೋತ ಇದ್ದಂಗೈತೆ!" ಎಂದು ಎದ್ದು ನಿಂತಳು. ಹೋತಗಳನ್ನು ಹಿಡಿದು ಪಳಗಿದವಳು, ಮರುಗಳಿಗೆಯೇ ಸೆರಗು ಸಿಕ್ಕಿಸಿಕೊಂಡು ಕೂತಳು. ಪರದೆಯ ಕೈ ಒಂದು ಮಡಿಕೆ ಹಾಕಿದರೆ ಕದರಮ್ಮನೂ ಒಂದು. ವಾಗೀಶ ಅವಳು ಕೂಗಿದಲ್ಲಿ ನಿಲ್ಲಿಸುತ್ತ, ಬಿಡುತ್ತ, ಹಿಂದಕ್ಕೆ ಓಡಿಸುತ್ತ ಬೆವತುಹೋದ. ಸುಂಕಲಮ್ಮ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

ಜಿಪ್ಪು ಮುಗಿಯಿತು. ಹೊಲಿಗೆ ಬೆಟ್ಟದ ದಾರಿಯಂತೆ ಸೊಟ್ಟಗಿತ್ತು, ಆದರೆ ಮುಚ್ಚುಪಟ್ಟಿ ಇರಬೇಕಾದ ಕಡೆಯೇ ಇತ್ತು. ಕದರಮ್ಮ ಸರ್ರನೆ ಎಳೆದಳು, ಸರ್ರನೆ ಇಳಿಸಿದಳು. ಇನ್ನೊಮ್ಮೆ ಎಳೆದಳು.

"ಬರ್ಕಳಪ್ಪ ನನ್ನೆಸ್ರು. ಕದರಮ್ಮ. ಇನಿಷಲ್ಲು ಆಮ್ಯಾಕೆ ಕೇಳ್ಕಂಡು ಬತ್ತೀನಿ."

ಅಲ್ಲಿಂದ ನೂಕುನುಗ್ಗಲು. ಹುಳಕ್ಕೆ ಸೊಪ್ಪು ಹಾಕಬೇಕಾದವರು ಹೊಸ್ತಿಲಿನಿಂದಲೇ ಕೂಗಿ ಹೆಸರು ಬರೆಸಿ ಓಡಿದರು. ಅವರಲ್ಲಿ ಇಬ್ಬರು ಸೊಪ್ಪು ಹಾಕಿ, ಓರಗಿತ್ತಿಯರನ್ನೂ ಕರೆದುಕೊಂಡು ವಾಪಸಾದರು. ಹದಿನೈದು ಎಂದಾಗ ಸುಂಕಲಮ್ಮ ಕಣ್ಣು ಮುಚ್ಚಿದಳು. ತೆರೆಯುವಾಗ ಇಪ್ಪತ್ತಮೂರಾಗಿತ್ತು. ಗಂಗಾಧರಪ್ಪನವರು ಬಳ್ಳಾರಿಗೆ ಫೋನು ಹಚ್ಚಿ, "ಇನ್ನ ಮೂರು ಮಿಷನ್ನು ಜಾಸ್ತಿ ಕಳಸ್ರಿ. ಹೌದ್ರಿ, ವಿಡಿಯೋ ನಾನ ಹಾಕಿಸಿದ್ದು" ಎನ್ನುತ್ತ ಹೊರಗೆ ಹೋದರು.

ಸುಂಕಲಮ್ಮ ಹೆಸರಿನ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಬೆರಳಿಟ್ಟು, ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಇನ್ನೂ ಹೋಗದೆ ಉಳಿದಿದ್ದ ಹೆಂಗಸರು ತಮ್ಮ ಹೆಸರು ಬಂದಾಗ ನಗುತ್ತ ಕೈ ಎತ್ತಿದರು. ಅಷ್ಟರಲ್ಲಿ ವಾಗೀಶ ಉಬ್ಬಿಹೋಗಿ ಹತ್ತಿರ ಬಂದ.

"ಅಕ್ಕಾ, ಸೂಪರ್ ಹಿಟ್! ಇದನ್ನ ಸೀರೀಸ್ ಮಾಡೋಣು. ಜಿಪ್ಪಿನ ವಿಡಿಯೋ ಪಾರ್ಟ್ ಟೂ ಯಾವಾಗ ತೆಗೀತೀರಿ?"

ಸುಂಕಲಮ್ಮ ಪಟ್ಟಿಯಿಂದ ತಲೆಯೆತ್ತಿದಳು.

"ಯಾಕ್ರಿ, ನೀವು ಹಾಕ್ಕೊಳ್ಳೋ ಪ್ಯಾಂಟಿಗೆ ಎರಡು ಜಿಪ್ಪು ಇರ್ತಾವೇನು?"